ಸೊನ್ನೆಯಿಂದ 1,76,645 ಕೋಟಿಯವರೆಗೆ

17,66,45,00,00,000.

ಇದನ್ನು ಎಡಗಡೆಯಿಂದ ಓದಲು ಹೊರಟರೆ ನಾಲಿಗೆ ತೊಡರುತ್ತದೆ. ಬಲತುದಿಗೆ ಬೆರಳಿಟ್ಟು ಬಿಡಿ, ಹತ್ತು, ನೂರು, ಸಾವಿರ ಎಂದು ಹಿಂದಕ್ಕೆ ಸರಿಯುತ್ತ ಬಂದರೇ ಗೊತ್ತಾಗುವುದು: ಒಂದು ಲಕ್ಷ ಎಪ್ಪತ್ತಾರು ಸಾವಿರದ ಆರುನೂರ ನಲವತ್ತೈದು ಕೋಟಿ ರೂಪಾಯಿ. 2010ರ ನವೆಂಬರ್ 16ರಂದು ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ, ಅಂದರೆ ಸಿಎಜಿಯ ವರದಿ, 2ಜಿ ತರಂಗಾಂತರ ಹಂಚಿಕೆಯಲ್ಲಿ ಸರ್ಕಾರಕ್ಕೆ ಹೆಚ್ಚೆಂದರೆ ಇಷ್ಟು ನಷ್ಟವಾಗಿರಬಹುದು ಎಂದಿತು.

ಆಗ ಸಾವಿರದ ನೋಟು ಚಲಾವಣೆಯಲ್ಲಿತ್ತು. ಇಷ್ಟು ದುಡ್ಡನ್ನು ಸಾವಿರದ ನೋಟಿನಲ್ಲಿ ಗುಡ್ಡೆ ಹಾಕಿ, ವರದಿ ಬಂದ ದಿನವೇ ಎಣಿಸಲು ಕೂತವರು ಊಟ ನಿದ್ದೆ ಬಿಟ್ಟು ಸೆಕೆಂಡಿಗೆ ಒಂದು ನೋಟಿನಂತೆ ಎಣಿಸಿದರೂ ಎಣಿಕೆ ಮುಗಿಯುವುದು 2066ರ ನವೆಂಬರ್‌ಗೆ. ಐವತ್ತಾರು ವರ್ಷ. ಆರನೇ ವರ್ಷಕ್ಕೇ ಸಾವಿರದ ನೋಟು ರದ್ದಾದ್ದರಿಂದ ಎಣಿಸುವವರು ಉಳಿದ ಐವತ್ತು ವರ್ಷ ಬರೀ ಕಾಗದ ಎಣಿಸುತ್ತಿರಬೇಕು.

ಈ ಅಂಕಿಗೂ ತಾಳವಾಡಿಗೂ ಏನು ನಂಟು? ತಾಳವಾಡಿ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ ಬೆಟ್ಟದ ಸೀಮೆ. ಮನೆಮಾತು ಬಹುಪಾಲು ಕನ್ನಡ. ವರನಟ ರಾಜ್‌ಕುಮಾರ್ ಅವರ ದೊಡ್ಡಗಾಜನೂರು ಇರುವುದು ಇಲ್ಲೇ. ಚಾಮರಾಜನಗರಕ್ಕೆ ಹೋಗಲು ಘಾಟಿ ಇಳಿಯಬೇಕಿಲ್ಲ. ತಮ್ಮದೇ ಜಿಲ್ಲಾಕೇಂದ್ರ ಈರೋಡಿಗೆ ಹೋಗಲು ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ವಿಧಾನಸಭೆಗೆ ಇವರು ಓಟು ಹಾಕುವುದು ಭವಾನಿಸಾಗರ ಕ್ಷೇತ್ರಕ್ಕೆ, ಲೋಕಸಭೆಗೆ ನೀಲಗಿರಿ ಕ್ಷೇತ್ರಕ್ಕೆ. ಆ ನೀಲಗಿರಿಯಿಂದ 2009ರಲ್ಲಿ 86,021 ಮತಗಳ ಅಂತರದಲ್ಲಿ ಗೆದ್ದವರು ಡಿಎಂಕೆಯ ಎ. ರಾಜಾ, ಕೇಂದ್ರದ ದೂರಸಂಪರ್ಕ ಸಚಿವರು. ವಿವಾದಕ್ಕೆ ಸಿಕ್ಕ ಪರವಾನಗಿಗಳು ಹೊರಬಿದ್ದದ್ದು ಅದಕ್ಕೂ ಮುಂಚೆ, ಅವರು ಪೆರಂಬಲೂರಿನ ಸಂಸದರಾಗಿದ್ದಾಗ. ಆದರೆ ಸಚಿವ ಸ್ಥಾನ ಬಿಟ್ಟದ್ದು, ಜೈಲಿಗೆ ಹೋದದ್ದು, ಮತ್ತೆ ಮತ ಕೇಳಲು ಬಂದದ್ದು ಎಲ್ಲವೂ ತಾಳವಾಡಿಯವರು ಆರಿಸಿ ಕಳಿಸಿದ ಮೇಲೆ. ಇಷ್ಟು ದೊಡ್ಡ ನಷ್ಟದ ಅಂಕಿಗೆ ಉತ್ತರ ಕೇಳುವ ಹಕ್ಕು ಚುನಾವಣೆಯ ಲೆಕ್ಕದಲ್ಲಿ ಈ ಬೆಟ್ಟದ ಮೇಲೂ ಬಂದು ಬಿತ್ತು.

ಹಕ್ಕು ಬಂದರೂ ದಾರಿ ಸಲೀಸಲ್ಲ. ನೀಲಗಿರಿ ಲೋಕಸಭಾ ಕ್ಷೇತ್ರ ನಾಲ್ಕು ಜಿಲ್ಲೆಗಳಲ್ಲಿ ಹಬ್ಬಿದೆ. ತಾಳವಾಡಿಯವರು ಊಟಿಗೆ ಹೋಗಬೇಕೆಂದರೆ ಒಂದೋ ದಿಂಬಂ ಇಳಿದು ಸತ್ಯಮಂಗಲ, ಮೇಟುಪಾಳ್ಯ ಸುತ್ತಿ ಇನ್ನೊಂದು ಬೆಟ್ಟ ಹತ್ತಬೇಕು. ಇಲ್ಲವೇ ಚಾಮರಾಜನಗರ, ಗುಂಡ್ಲುಪೇಟೆ, ಬಂಡೀಪುರದ ಮೇಲೆ ಹೋಗಬೇಕು. ಎಂದರೆ ತಮ್ಮ ಕ್ಷೇತ್ರದ ಇನ್ನೊಂದು ತುದಿ ಮುಟ್ಟಲು ಪಕ್ಕದ ರಾಜ್ಯ ಹೊಕ್ಕು ಹೊರಬರಬೇಕು. ಬಂಡೀಪುರದಲ್ಲಿ 2009ರಿಂದ, ದಿಂಬಂನಲ್ಲಿ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಸಂಸದರನ್ನು ಕಾಣಲು ಹೊರಟವರು ಹೊತ್ತು ನೋಡಿಯೇ ಹೊರಡಬೇಕು.

ಮಾರಾಟವಾದ ಸರಕು ಯಾವುದು ಎಂಬುದನ್ನು ಗಡಿಯವರಿಗೆ ವಿವರಿಸಿ ಹೇಳಬೇಕಿಲ್ಲ. ಮೊಬೈಲ್ ಸೇವೆಗಾಗಿ ದೇಶವನ್ನು 22 ಸರ್ಕಲ್‌ಗಳಾಗಿ ಹಂಚಲಾಗಿದೆ. ತಮಿಳುನಾಡು ಒಂದು ಸರ್ಕಲ್, ಕರ್ನಾಟಕ ಇನ್ನೊಂದು. ಆ ಕಾಲದಲ್ಲಿ ಗಡಿಯ ಊರುಗಳಲ್ಲಿ ಮಾತಾಡುತ್ತ ಹೊಲದ ಆ ಬದುವಿಗೆ ಹೋದರೆ ಫೋನು ಪಕ್ಕದ ಸರ್ಕಲ್‌ನ ಟವರ್ ಹಿಡಿಯುತ್ತಿತ್ತು. ಕರೆನ್ಸಿಯಿಂದ ರೋಮಿಂಗ್ ದುಡ್ಡು ಕತ್ತರಿಸಿಕೊಳ್ಳುತ್ತಿತ್ತು. ಕಣ್ಣಿಗೆ ಕಾಣದ ಆ ತರಂಗವೇ ಸರಕು. ಹೊಸ ಪರವಾನಗಿಯ ಜತೆ ಕಂಪನಿಗೆ ಸಿಗುತ್ತಿದ್ದದ್ದು ಸರ್ಕಲ್‌ಗೆ 4.4 ಮೆಗಾಹರ್ಟ್ಸ್. ಇಡೀ ದೇಶಕ್ಕೆ ಸೇರಿಸಿ ಬೆಲೆ 1,658 ಕೋಟಿ. ಈ ಬೆಲೆ ನಿಗದಿಯಾದದ್ದು 2001ರಲ್ಲಿ, ಮೊಬೈಲ್ ಇನ್ನೂ ಉಳ್ಳವರ ಸೊತ್ತಾಗಿದ್ದಾಗ, ಮಾರಿದ್ದು 2008ರಲ್ಲಿ.

2008ರ ಜನವರಿ 10. ಇಲ್ಲಿಂದ ಅಂಕಿಗಳು ಸಣ್ಣವಾಗುತ್ತವೆ, ಬೆರಗು ದೊಡ್ಡದಾಗುತ್ತದೆ. ಅಂದು ಮಧ್ಯಾಹ್ನ 2.45ಕ್ಕೆ ದೂರಸಂಪರ್ಕ ಇಲಾಖೆಯ ಪ್ರಕಟಣೆ ಹೊರಬಿತ್ತು: ಅರ್ಜಿ ಹಾಕಿದ ಕಂಪನಿಗಳವರು 3.30ಕ್ಕೆ ದೆಹಲಿಯ ಸಂಚಾರ ಭವನಕ್ಕೆ ಬರಬೇಕು. ನಡುವೆ ಉಳಿದದ್ದು 45 ನಿಮಿಷ. ಯಾರು ಮೊದಲು ಷರತ್ತು ಪೂರೈಸಿ ಹಣ ಕಟ್ಟುತ್ತಾರೋ ಅವರು ಸಾಲಿನಲ್ಲಿ ಮುಂದೆ. ಅದಕ್ಕೂ ಮುಂಚೆ ಇನ್ನೊಂದು ಕೆಲಸ ಆಗಿತ್ತು. 2007ರ ಅಕ್ಟೋಬರ್ 1ರವರೆಗೆ ಅರ್ಜಿ ತೆಗೆದುಕೊಳ್ಳುತ್ತೇವೆ ಎಂದಿದ್ದ ಇಲಾಖೆ, ಸೆಪ್ಟೆಂಬರ್ 25ರವರೆಗೆ ಬಂದ ಅರ್ಜಿಗಳನ್ನು ಮಾತ್ರ ಪರಿಗಣಿಸಿತು. ಒಟ್ಟು ಬಂದಿದ್ದ ಅರ್ಜಿ 575. ಅದರಲ್ಲಿ 25ರೊಳಗೆ ಬಂದವು 232. ಒಂದು ತಾರೀಖನ್ನು ಆರು ದಿನ ಹಿಂದಕ್ಕೆ ಎಳೆದದ್ದರಿಂದ 343 ಅರ್ಜಿಗಳು ಓದುವ ಮೊದಲೇ ಪಕ್ಕಕ್ಕೆ ಸರಿದವು. ಕೆಲವು ಕಂಪನಿಗಳು ಕೊಟ್ಟ ಡಿಡಿಗಳ ಮೇಲಿನ ತಾರೀಖು ಜನವರಿ 10ರ ಪ್ರಕಟಣೆಗಿಂತ ಹಿಂದಿನದು ಎಂದು ಸಿಎಜಿ ಗುರುತಿಸಿತು. ಹೀಗೆ ಹುಟ್ಟಿದ ಪರವಾನಗಿ 122. ಅವುಗಳಲ್ಲಿ 85 ಪರವಾನಗಿ ಪಡೆದ ಕಂಪನಿಗಳಿಗೆ ಮೂಲ ಅರ್ಹತೆಯೇ ಇರಲಿಲ್ಲ ಎಂದೂ ಅದೇ ವರದಿ ಹೇಳಿತು.

ಇನ್ನು ಆ ಹದಿಮೂರು ಅಂಕಿಯ ನಷ್ಟ ಹುಟ್ಟಿದ ಬಗೆ. 2010ರಲ್ಲಿ 3ಜಿ ತರಂಗಾಂತರದ ಹರಾಜು ನಡೆದಾಗ ಇಡೀ ದೇಶದ 5 ಮೆಗಾಹರ್ಟ್ಸ್‌ಗೆ ಸುಮಾರು 16,750 ಕೋಟಿ ಬಂತು. ಮೆಗಾಹರ್ಟ್ಸ್ ಲೆಕ್ಕದಲ್ಲಿ 2008ರ ಬೆಲೆಯ ಒಂಬತ್ತು ಪಟ್ಟು. ಈ ದರವನ್ನು ಹಿಂದಕ್ಕೆ ಹಚ್ಚಿದ ಸಿಎಜಿ, 122 ಹೊಸ ಪರವಾನಗಿಗಳಿಂದ 1,02,498 ಕೋಟಿ, ಎರಡು ತಂತ್ರಜ್ಞಾನ ಬಳಸಲು ಹಳೆಯ ಕಂಪನಿಗಳಿಗೆ ಕೊಟ್ಟ ಅನುಮತಿಯಿಂದ 37,154 ಕೋಟಿ, ಮಿತಿ ಮೀರಿ ಇಟ್ಟುಕೊಂಡ ತರಂಗಾಂತರದಿಂದ 36,993 ಕೋಟಿ ಕೈತಪ್ಪಿತು ಎಂದಿತು. ಕೂಡಿದರೆ 1,76,645. ಅದೇ ವರದಿಯಲ್ಲಿ ಬೇರೆ ದಾರಿಯ ಲೆಕ್ಕಗಳೂ ಇದ್ದವು. ಹೊಸ ಕಂಪನಿಗಳು ತಮ್ಮ ಷೇರುಗಳನ್ನು ಮಾರಿದ ಬೆಲೆ ಹಿಡಿದರೆ ನಷ್ಟ 57,666 ಕೋಟಿಯಿಂದ 69,626 ಕೋಟಿಯ ಒಳಗೆ. ಪತ್ರಿಕೆಗಳ ತಲೆಬರಹಕ್ಕೆ ಏರಿದ್ದು ಮಾತ್ರ ಎಲ್ಲಕ್ಕಿಂತ ದೊಡ್ಡದು.

ಆ ದೊಡ್ಡದರ ಗಾತ್ರ ಎಷ್ಟು? ಆ ವರ್ಷದ ರಕ್ಷಣಾ ಬಜೆಟ್ 1,47,344 ಕೋಟಿ. ದೇಶದ ಸೇನೆ, ನೌಕಾಪಡೆ, ವಾಯುಪಡೆಗಳ ಒಂದು ವರ್ಷದ ಖರ್ಚನ್ನು ಕೊಟ್ಟು ಇನ್ನೂ 29,000 ಕೋಟಿ ಮಿಗುತ್ತದೆ. ಕರ್ನಾಟಕದ ಕಡೆಗೆ ಬಂದರೆ, 2011ರ ಜುಲೈಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಕೊಟ್ಟ ಬಳ್ಳಾರಿ ಗಣಿ ವರದಿ ಲೆಕ್ಕ ಹಾಕಿದ ನಷ್ಟ 16,085 ಕೋಟಿ. ಒಬ್ಬ ಮುಖ್ಯಮಂತ್ರಿಯ ಕುರ್ಚಿ ಕಳೆದ ಅಂಕಿ ಅದು. 2ಜಿಯ ಅಂಕಿ ಹನ್ನೊಂದು ಬಳ್ಳಾರಿ.

ತಾಳವಾಡಿಯವರಿಗೆ ಇವೆಲ್ಲಕ್ಕಿಂತ ಹತ್ತಿರದ್ದು ಉದ್ಯೋಗ ಖಾತ್ರಿಯ ನೂರು ದಿನದ ಕೆಲಸದ ಕೂಲಿ. 2011ರ ಆರಂಭದಲ್ಲಿ ತಮಿಳುನಾಡಿನಲ್ಲಿ ಅದರ ದರ ದಿನಕ್ಕೆ 119 ರೂಪಾಯಿ. ಒಂದು ಮನೆಗೆ ನೂರು ದಿನ ಪೂರ್ತಿ ಸಿಕ್ಕರೆ 11,900. ಅಷ್ಟೂ ದಿನ ಸಿಗುವ ಮನೆಗಳೇ ಕಡಿಮೆ, ಸಿಕ್ಕಿತೆಂದೇ ಇಟ್ಟುಕೊಳ್ಳೋಣ. 1,76,645 ಕೋಟಿಯನ್ನು ಇದರಿಂದ ಭಾಗಿಸಿದರೆ 14 ಕೋಟಿ 84 ಲಕ್ಷ ಮನೆ. 2011ರ ಜನಗಣತಿಯಲ್ಲಿ ಇಡೀ ಭಾರತದ ಹಳ್ಳಿಗಳಲ್ಲಿದ್ದ ಮನೆಗಳು ಸುಮಾರು 16 ಕೋಟಿ 80 ಲಕ್ಷ. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಹಳ್ಳಿಯ ಹತ್ತು ಮನೆಗಳಲ್ಲಿ ಒಂಬತ್ತಕ್ಕೆ, ಸುಮಾರಾಗಿ, ಒಂದು ವರ್ಷದ ನೂರು ದಿನದ ಕೂಲಿಯನ್ನು ಪೂರ್ತಿಯಾಗಿ ಕೊಡಬಹುದಾಗಿತ್ತು.

ಇಷ್ಟು ಲೆಕ್ಕ ಹಾಕಿದ ಮೇಲೆ ಮೈ ಬೆಚ್ಚಗಾಗದವರಿಲ್ಲ. 2010ರ ಚಳಿಗಾಲದ ಅಧಿವೇಶನ ಇದೇ ಗದ್ದಲದಲ್ಲಿ ಕೊಚ್ಚಿಹೋಯಿತು. ವರದಿ ಸಂಸತ್ತಿಗೆ ಬರುವ ಎರಡು ದಿನ ಮುಂಚೆಯೇ, ನವೆಂಬರ್ 14ರಂದು, ರಾಜಾ ರಾಜೀನಾಮೆ ಕೊಟ್ಟಿದ್ದರು. 2011ರ ಫೆಬ್ರುವರಿ 2ರಂದು ಬಂಧನವಾಯಿತು. ತಿಹಾರ್ ಜೈಲಿನಲ್ಲಿ ಹದಿನೈದು ತಿಂಗಳು ಕಳೆದು 2012ರ ಮೇ 15ರಂದು ಜಾಮೀನು ಸಿಕ್ಕಿತು.

ಅಷ್ಟರೊಳಗೆ ಅಂಕಿ ಕರಗಲು ತೊಡಗಿತ್ತು. 2011ರ ಜನವರಿಯಲ್ಲಿ ಹೊಸ ದೂರಸಂಪರ್ಕ ಸಚಿವ ಕಪಿಲ್ ಸಿಬಲ್, ನಷ್ಟ ಆಗಿಯೇ ಇಲ್ಲ, ಸೊನ್ನೆ ಎಂದರು. ಸಿಬಿಐ ತನ್ನ ಆರೋಪಪಟ್ಟಿಯಲ್ಲಿ 30,984 ಕೋಟಿ ಎಂದಿತು. ಸಿಎಜಿ ಕಚೇರಿಯಲ್ಲೇ ಲೆಕ್ಕಪರಿಶೋಧನೆಯ ಮಹಾನಿರ್ದೇಶಕರಾಗಿದ್ದ ಆರ್.ಪಿ. ಸಿಂಗ್, ತಾವು ಕಂಡ ನಷ್ಟ 2,645 ಕೋಟಿ ಎಂದರು. ಅದೇ ದೇಶ, ಅದೇ ತರಂಗಾಂತರ, ಅದೇ ಹಂಚಿಕೆ. ನಷ್ಟ ಮಾತ್ರ 0, 2,645, 30,984, 57,666, 1,76,645. ಪಡಿತರ ಅಂಗಡಿಯವನು ತೂಕದಲ್ಲಿ ಇಷ್ಟು ವ್ಯತ್ಯಾಸ ತೋರಿಸಿದ್ದರೆ ಊರು ತಕ್ಕಡಿಯನ್ನೇ ಹೊತ್ತುಕೊಂಡು ಹೋಗುತ್ತಿತ್ತು.

ಮಾರುಕಟ್ಟೆಯೂ ತನ್ನ ಮಾತು ಸೇರಿಸಿತು. 2012ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದ 122 ಪರವಾನಗಿಗಳಿಂದ ಬಿಡುಗಡೆಯಾದ ತರಂಗಾಂತರವನ್ನು 2012ರ ನವೆಂಬರ್‌ನಲ್ಲಿ ಹರಾಜಿಗಿಟ್ಟಾಗ ಬಂದದ್ದು ಬರೀ 9,407 ಕೋಟಿ. ದೆಹಲಿ, ಮುಂಬೈ, ರಾಜಸ್ಥಾನ, ಕರ್ನಾಟಕ ಸರ್ಕಲ್‌ಗಳಿಗೆ ಒಬ್ಬರೂ ಬಿಡ್ ಮಾಡಲಿಲ್ಲ. ತಾಳವಾಡಿಯ ಗಡಿಕಲ್ಲು ದಾಟಿದರೆ ಇರುವ, ಬೆಂಗಳೂರನ್ನೂ ಒಳಗೊಂಡ ಸರ್ಕಲ್‌ಗೆ ಗಿರಾಕಿಯೇ ಇರಲಿಲ್ಲ! ಸರ್ಕಾರ ಇಟ್ಟ ಮೂಲಬೆಲೆಯೇ ಜಾಸ್ತಿಯಾಯಿತು ಎಂದು ಕಂಪನಿಗಳು ದೂರಿದವು. 2015ರ ಹರಾಜಿನಲ್ಲಿ ಮತ್ತೆ 1,09,000 ಕೋಟಿಗೂ ಮೇಲೆ ಬಂತು. ತರಂಗದ ಬೆಲೆ ವರ್ಷವರ್ಷಕ್ಕೆ ಏರಿಳಿಯುವಂಥದು. ಅದರ ಮೇಲೆ ಕಟ್ಟಿದ ನಷ್ಟದ ಲೆಕ್ಕವೂ ಅದರ ಜತೆಗೇ ಏರಿಳಿಯುತ್ತದೆ.

ರಾಜಾ ಅವರ ಕಡೆಯ ವಾದವನ್ನೂ ಕೇಳಬೇಕು. ಮೊದಲು ಬಂದವರಿಗೆ ಮೊದಲು ಎಂಬ ನೀತಿ ತಾವು ತಂದದ್ದಲ್ಲ, ಹಿಂದಿನಿಂದ ಬಂದದ್ದು. 2ಜಿಯನ್ನು ಹರಾಜು ಮಾಡಬೇಕೆಂದು 2007ರಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಕೂಡ ಹೇಳಿರಲಿಲ್ಲ. ಪೈಪೋಟಿ ಹೆಚ್ಚಿ ಜನರಿಗೆ ಫೋನು ಅಗ್ಗವಾಯಿತು. ಕೊನೆಯ ಮಾತಿಗೆ ಅಂಕಿಗಳ ಬೆಂಬಲವಿದೆ. 2007ರ ಕೊನೆಗೆ ದೇಶದಲ್ಲಿದ್ದ ಮೊಬೈಲ್ ಸಂಪರ್ಕ ಸುಮಾರು 23 ಕೋಟಿ, 2010ರ ಕೊನೆಗೆ ಸುಮಾರು 75 ಕೋಟಿ. 2009ರಲ್ಲಿ ಸೆಕೆಂಡಿಗೆ ಒಂದು ಪೈಸೆಯ ದರ ಬಂತು. ಅಗ್ಗವಾದದ್ದು ಆ 122 ಪರವಾನಗಿಗಳಿಂದಲೇ ಎಂದು ಹೇಳಲಾಗದು. ಆದರೂ ಎಲೆಕೋಸು ಬೆಳೆದವರು ಲಾರಿಗೆ ತುಂಬುವ ಮೊದಲೇ ಮಂಡಿಗೆ ಫೋನು ಮಾಡಿ ಇವತ್ತಿನ ರೇಟು ಕೇಳುವಂತಾದದ್ದು ಇದೇ ವರ್ಷಗಳಲ್ಲಿ.

ಹಂಚಿಕೆಗಿಂತಲೂ ಜನರನ್ನು ಕೆರಳಿಸಿದ್ದು ಹಿಂದಿನ ಕೋಣೆಯ ಮಾತುಕತೆ. ದೊಡ್ಡ ಉದ್ಯಮ ಸಮೂಹಗಳ ಪರವಾಗಿ ಸಂಪರ್ಕ ಸಂಸ್ಥೆ ನಡೆಸುತ್ತಿದ್ದ ನೀರಾ ರಾಡಿಯಾ ಅವರ ಫೋನನ್ನು ಆದಾಯ ತೆರಿಗೆ ಇಲಾಖೆ 2008-09ರಲ್ಲಿ ಕದ್ದಾಲಿಸಿತ್ತು. ದಾಖಲಾದ ಕರೆಗಳು 5,851. ಅವುಗಳಲ್ಲಿ ಕೆಲವು 2010ರ ನವೆಂಬರ್‌ನಲ್ಲಿ ಪತ್ರಿಕೆಗಳಲ್ಲಿ ಬಂದವು. ಯಾರಿಗೆ ಯಾವ ಖಾತೆ ಸಿಗಬೇಕು ಎಂಬುದು 2009ರ ಮೇ ತಿಂಗಳಿನಲ್ಲಿ ಪತ್ರಕರ್ತರು, ಉದ್ಯಮಿಗಳು, ಪಕ್ಷದವರ ನಡುವಿನ ಮಾತಾಗಿದ್ದದ್ದು ಕಿವಿಗೆ ಬಿತ್ತು. ಅದೇ ಮೇ ತಿಂಗಳಿನಲ್ಲಿ ತಾಳವಾಡಿಯವರೂ ಓಟು ಹಾಕಿದ್ದರು. ಕೆಲವು ವರ್ಷಗಳ ನಂತರ ಸುಪ್ರೀಂ ಕೋರ್ಟಿನ ಸೂಚನೆಯಂತೆ ಸಿಬಿಐ ಈ ಟೇಪುಗಳ ಬಗ್ಗೆ 14 ಪ್ರಾಥಮಿಕ ವಿಚಾರಣೆ ನಡೆಸಿತು. 2022ರಲ್ಲಿ, ಅಪರಾಧ ಏನೂ ಕಂಡುಬರಲಿಲ್ಲ, ಎಲ್ಲವನ್ನೂ ಮುಚ್ಚಿದ್ದೇವೆ ಎಂದು ಕೋರ್ಟಿಗೆ ತಿಳಿಸಿತು.

ಅಪರಾಧ ಕಾಣದಿರುವುದರಲ್ಲಿ ಆಶ್ಚರ್ಯವೂ ಇಲ್ಲ. ಭಾರತದಲ್ಲಿ ಲಾಬಿ ಮಾಡುವುದಕ್ಕೆ ಕಾನೂನಿಲ್ಲ. ಇಂಥವರು ಇಂಥ ಸಚಿವರನ್ನು ಇಂಥ ಕೆಲಸಕ್ಕೆ ಕಂಡರು ಎಂದು ಬರೆದಿಡುವ ವಹಿಯೂ ಇಲ್ಲ. ಅಮೆರಿಕದಲ್ಲಿ 1995ರ ಕಾಯ್ದೆಯ ಪ್ರಕಾರ ಲಾಬಿ ಮಾಡುವವರು ತಮ್ಮ ಖರ್ಚನ್ನು ಸಂಸತ್ತಿಗೆ ಸಲ್ಲಿಸಬೇಕು. 2012ರಲ್ಲಿ ವಾಲ್‌ಮಾರ್ಟ್ ಹಾಗೆ ಸಲ್ಲಿಸಿದ ಕಾಗದದಲ್ಲಿ, ನಾಲ್ಕು ವರ್ಷಗಳಲ್ಲಿ ಹಲವು ವಿಷಯಗಳಿಗೆ ಖರ್ಚಾದ ಸುಮಾರು 2.5 ಕೋಟಿ ಡಾಲರ್‌ನ ಬಾಬತ್ತಿನಲ್ಲಿ ಭಾರತದ ಮಾರುಕಟ್ಟೆ ಪ್ರವೇಶವೂ ಒಂದೆಂದು ಕಂಡಿತು. ದೆಹಲಿಯಲ್ಲಿ ಗದ್ದಲವಾಯಿತು, ವಿಚಾರಣೆಗೆ ನಿವೃತ್ತ ನ್ಯಾಯಮೂರ್ತಿಯೊಬ್ಬರ ನೇಮಕವೂ ಆಯಿತು. ನಮ್ಮ ಅಂಗಡಿ ಬಾಗಿಲು ಯಾರು ತಟ್ಟುತ್ತಿದ್ದಾರೆ ಎಂಬುದು ನಮಗೆ ಗೊತ್ತಾಗಲು ವಾಷಿಂಗ್ಟನ್ನಿನ ಕಡತ ತೆರೆಯಬೇಕಾಯಿತು.

ಮತದಾರರ ಸರದಿ ಬಂದದ್ದು 2014ರಲ್ಲಿ. ನೀಲಗಿರಿಯಲ್ಲಿ ಎಐಎಡಿಎಂಕೆಯ ಸಿ. ಗೋಪಾಲಕೃಷ್ಣನ್ 4,63,700 ಮತ ಪಡೆದು ಗೆದ್ದರು. ರಾಜಾ ಅವರಿಗೆ 3,58,760. ಮೂರನೆಯ ಸ್ಥಾನಕ್ಕೆ ಬಂದದ್ದು ಯಾವ ಪಕ್ಷವೂ ಅಲ್ಲ. 46,559 ಮತಗಳೊಡನೆ ನೋಟಾ ಅಲ್ಲಿ ಕೂತಿತ್ತು, ಕಾಂಗ್ರೆಸ್ಸನ್ನು ಹಿಂದಿಕ್ಕಿ. ಆ ಚುನಾವಣೆಯಲ್ಲಿ ದೇಶದ ಯಾವ ಲೋಕಸಭಾ ಕ್ಷೇತ್ರದಲ್ಲೂ ನೋಟಾಕ್ಕೆ ಇಷ್ಟು ಮತ ಬೀಳಲಿಲ್ಲ. ಬಿಜೆಪಿ ಅಭ್ಯರ್ಥಿಯ ನಾಮಪತ್ರ ತಿರಸ್ಕೃತವಾಗಿದ್ದದ್ದೂ ಅದಕ್ಕೆ ಒಂದು ಕಾರಣ. ಆದರೂ ಯಾರೂ ಬೇಡ ಎಂಬ ಗುಂಡಿ ಒತ್ತಲೆಂದೇ ಬಿಸಿಲಲ್ಲಿ ಸಾಲು ನಿಂತು ಬಂದವರ ಸಂಖ್ಯೆ ಅದು. 2013ರ ಸೆಪ್ಟೆಂಬರ್ 27ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದ ಈ ಗುಂಡಿಗೆ ಒಂದು ವಿಚಿತ್ರ ಗುಣವಿದೆ: ಅದರ ಮತ ಎಣಿಸುತ್ತಾರೆ, ಪ್ರಕಟಿಸುತ್ತಾರೆ, ಫಲಿತಾಂಶಕ್ಕೆ ಸೇರಿಸುವುದಿಲ್ಲ. 46,559 ಜನರ ಸಿಟ್ಟು ಒಂದಂಕಿಯೂ ತಪ್ಪದಂತೆ ದಾಖಲಾಯಿತು. ಅದರಿಂದ ಒಂದು ಕಡತವೂ ಅಲುಗಲಿಲ್ಲ.

ಕೋರ್ಟಿನಲ್ಲಿ ಸಿಬಿಐ ಆರೋಪಪಟ್ಟಿಯ ಜತೆ ಇಟ್ಟ ಕಾಗದ ಸುಮಾರು 80,000 ಪುಟ. ಆರು ವರ್ಷ ವಿಚಾರಣೆ ನಡೆದು 2017ರ ಡಿಸೆಂಬರ್ 21ರಂದು ವಿಶೇಷ ನ್ಯಾಯಾಧೀಶ ಒ.ಪಿ. ಸೈನಿ ಎಲ್ಲ ಆರೋಪಿಗಳನ್ನೂ ಖುಲಾಸೆ ಮಾಡಿದರು. ತೀರ್ಪು 1,552 ಪುಟ. ರಜೆಯ ದಿನಗಳಲ್ಲೂ ಬೆಳಗಿನಿಂದ ಸಂಜೆಯವರೆಗೆ ಕೂತು ಕಾದರೂ ಕಾನೂನು ಒಪ್ಪುವ ಸಾಕ್ಷ್ಯ ಹಿಡಿದು ಒಬ್ಬರೂ ಬರಲಿಲ್ಲ; ಆಯ್ದ ಕೆಲವು ಸಂಗತಿಗಳನ್ನು ಜಾಣತನದಿಂದ ಜೋಡಿಸಿ ಆಕಾಶಕ್ಕೆ ಏರಿಸಲಾಗಿದೆ ಎಂಬುದು ಅವರ ಮಾತಿನ ತಿರುಳು. ಗುಡ್ಡ ಅಗೆದು ಇಲಿ ಹಿಡಿದರು ಎನ್ನುತ್ತಾರೆ. ಇಲ್ಲಿ ಇಲಿಯೂ ಸಿಗಲಿಲ್ಲ. 2018ರಲ್ಲಿ ಸಿಬಿಐ ದೆಹಲಿ ಹೈಕೋರ್ಟಿಗೆ ಹೋಯಿತು. ಆ ಮೇಲ್ಮನವಿಯನ್ನು ವಿಚಾರಣೆಗೆ ತೆಗೆದುಕೊಳ್ಳಬಹುದು ಎಂದು ಹೈಕೋರ್ಟ್ ಹೇಳಿದ್ದು 2024ರ ಮಾರ್ಚ್ 22ರಂದು. ವಿಚಾರಣೆ ಮಾಡಬೇಕೋ ಬೇಡವೋ ಎಂಬುದು ಗೊತ್ತಾಗಲು ಹಿಡಿದದ್ದು ಇನ್ನೊಂದು ಆರು ವರ್ಷ. ಈ ನಡುವೆ ರಾಜಾ 2019ರಲ್ಲಿ 2,05,823 ಮತಗಳ ಅಂತರದಲ್ಲಿ, 2024ರಲ್ಲಿ 2,40,585 ಮತಗಳ ಅಂತರದಲ್ಲಿ ನೀಲಗಿರಿಯಿಂದ ಮತ್ತೆ ಗೆದ್ದರು.

ಇದನ್ನೆಲ್ಲ ಒಂದು ಸಾಲಿನಲ್ಲಿಟ್ಟು ನೋಡಿದರೆ ಗೊತ್ತಾಗುವ ಸಂಗತಿ ಒಂದಿದೆ. ಸಿಟ್ಟೆಲ್ಲ ಹೋಗಿ ನೇತುಬಿದ್ದದ್ದು ಅತಿ ದೊಡ್ಡ ಅಂಕಿಗೆ. ಆ ಅಂಕಿ ಬಿದ್ದ ದಿನ ಸಿಟ್ಟೂ ಬಿತ್ತು. ಒಂದು ಲಕ್ಷ ಎಪ್ಪತ್ತಾರು ಸಾವಿರ ಕೋಟಿ ಸುಳ್ಳಂತೆ ಎಂದಕೂಡಲೇ ಎಲ್ಲವೂ ಸುಳ್ಳಂತೆ ಎಂದಾಯಿತು. ಆದರೆ ಇಡೀ ಪ್ರಕರಣದಲ್ಲಿ ಯಾರನ್ನಾದರೂ ನಿಜವಾಗಿ ತಟ್ಟಿದ ಆದೇಶ ಆ ಅಂಕಿಯ ಮೇಲೆ ನಿಂತಿರಲಿಲ್ಲ. 2012ರ ಫೆಬ್ರುವರಿ 2ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಜಿ.ಎಸ್. ಸಿಂಘ್ವಿ ಮತ್ತು ಎ.ಕೆ. ಗಂಗೂಲಿ 122 ಪರವಾನಗಿಗಳನ್ನೂ ಒಂದೇ ಏಟಿಗೆ ರದ್ದು ಮಾಡಿದ್ದು, ಹಂಚಿದ ರೀತಿಯೇ ಮನಸೋ ಇಚ್ಛೆಯದು, ಸಂವಿಧಾನಕ್ಕೆ ವಿರುದ್ಧ ಎಂಬ ಕಾರಣಕ್ಕೆ. ಕಡೇ ತಾರೀಖು ಹಿಂದಕ್ಕೆ ಸರಿದದ್ದು, 45 ನಿಮಿಷದ ಗಡುವು: ಇಂಥ ಅಂಕಿಗಳು ಯಾವ ಹರಾಜಿನ ಬೆಲೆಗೂ ಕರಗುವಂಥವಲ್ಲ. ಅಂದು ಕಂಪನಿಗಳ ಮೇಲೆ ಬಿದ್ದ ದಂಡವನ್ನೂ ನೋಡಿ. ಮೂರಕ್ಕೆ ತಲಾ 5 ಕೋಟಿ, ನಾಲ್ಕಕ್ಕೆ ತಲಾ 50 ಲಕ್ಷ, ಒಟ್ಟು 17 ಕೋಟಿ. ಸಿಎಜಿಯ ಗರಿಷ್ಠ ಅಂಕಿಯ ಪಕ್ಕದಲ್ಲಿಟ್ಟರೆ ಹತ್ತು ಸಾವಿರ ರೂಪಾಯಿಗೆ ಒಂದು ರೂಪಾಯಿಯೂ ಪೂರ್ತಿ ಆಗುವುದಿಲ್ಲ.

ಸಣ್ಣ ಅಂಕಿಗೆ ಲೆಕ್ಕ ಕೇಳುವುದು ಹಳ್ಳಿಯವರಿಗೆ ಗೊತ್ತು. ಉದ್ಯೋಗ ಖಾತ್ರಿಯ 2005ರ ಕಾಯ್ದೆ, ತನ್ನ 17ನೇ ಸೆಕ್ಷನ್ನಿನಲ್ಲಿ, ಊರಿನ ಕಾಮಗಾರಿಗಳ ಲೆಕ್ಕವನ್ನು ಗ್ರಾಮಸಭೆಯೇ ಪರಿಶೀಲಿಸಬೇಕು ಎಂದಿತ್ತು. ಹಾಜರಿ ಪಟ್ಟಿ, ಬಿಲ್ಲು, ಅಳತೆ ಪುಸ್ತಕ ಎಲ್ಲವನ್ನೂ ಸಭೆಯ ಮುಂದಿಡಬೇಕಿತ್ತು. ಕೆಲಸಕ್ಕೆ ಬಾರದವರ ಹೆಸರಿಗೆ 119 ರೂಪಾಯಿ ಬಿದ್ದಿದ್ದರೆ ಎದ್ದು ನಿಂತು ಕೇಳಬಹುದಿತ್ತು. ಚೆಕ್ ಡ್ಯಾಮಿನ ಗೋಡೆ ನೋಡಿಯೇ ಸಿಮೆಂಟು ಎಷ್ಟು ಮೂಟೆ ಬಿದ್ದಿದೆ ಎಂದು ಅಂದಾಜು ಹೇಳುವವರು ಪ್ರತಿ ಊರಲ್ಲೂ ಇದ್ದಾರೆ. ನೂರು ದಿನದ ಕೂಲಿಗೆ ಇಷ್ಟೆಲ್ಲ ಕಾವಲು ಹಾಕಿದ ದೇಶ, ಸಚಿವರ ಕೋಣೆಗೆ ಹೋಗಿಬರುವವರ ಹೆಸರು ಬರೆಯಲು ಒಂದು ಪುಸ್ತಕ ಇಟ್ಟಿಲ್ಲ.

ಜನರಿಗೆ ಬೇಕಾದ್ದು ಇನ್ನೂ ದೊಡ್ಡ ಹಗರಣದ ಅಂಕಿಯಲ್ಲ, ಆ ಪುಸ್ತಕ. ಯಾರು, ಯಾವ ದಿನ, ಯಾರ ಪರವಾಗಿ, ಯಾವ ಕಡತದ ವಿಷಯಕ್ಕೆ ಬಂದಿದ್ದರು. ತಾರೀಖು ಬದಲಾಯಿಸಿದ ಟಿಪ್ಪಣಿಯ ಮೇಲೆ ಯಾರ ಸಹಿ ಇದೆ. ಐದು ಕಾಲಂ ಸಾಕು. ಮತ ಕೇಳಲು ಬಂದವರ ಮುಂದೆ ತಾಳವಾಡಿಯ ಮತದಾರರು ಅದನ್ನು ಹಿಡಿದು ನಿಂತರೆ, ಉತ್ತರ ಸೊನ್ನೆಗೂ ಒಂದು ಲಕ್ಷ ಎಪ್ಪತ್ತಾರು ಸಾವಿರ ಕೋಟಿಗೂ ನಡುವೆ ಜಾರಾಡಲು ಜಾಗ ಇರುವುದಿಲ್ಲ.